ಅಧ್ಯಾಪಕನ ಸನ್ನದು: ಎಲ್.ಟಿ.ಯಿಂದ ಬಿ.ಎಡ್.ವರೆಗೆ

ವಕೀಲನಿಗೆ ಸನ್ನದು ಬೇಕು. ವೈದ್ಯನಿಗೆ ನೋಂದಣಿ ಬೇಕು. ಪ್ರೌಢಶಾಲೆಯ ಅಧ್ಯಾಪಕನಿಗೂ ಅಂಥದೊಂದು ಸನ್ನದು ಉಂಟು. ಹಿಂದೆ ಅದನ್ನು ಎಲ್.ಟಿ. ಎಂದರು, ಬಿ.ಟಿ. ಎಂದರು, ಇಂದು ಬಿ.ಎಡ್. ಎನ್ನುತ್ತೇವೆ. ಈ ಸನ್ನದು ಹುಟ್ಟಿದ ಬಗೆ ಯಾವುದು, ಅದು ಅಧ್ಯಾಪಕನಲ್ಲಿ ಯಾವ ಗುಣವನ್ನು ಪರೀಕ್ಷಿಸುತ್ತ ಬಂದಿದೆ, ಯಾವುದನ್ನು ಪರೀಕ್ಷಿಸದೆ ಬಿಟ್ಟಿದೆ ಎಂಬುದನ್ನು ಸಮಾಜಪಾಠದ ಅಧ್ಯಾಪಕನನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶ. ನಮ್ಮ ವಾಚಕರಲ್ಲಿ ಹಲವರು ಅಧ್ಯಾಪಕರು, ಇನ್ನು ಹಲವರು ಮುಂದೆ ಅಧ್ಯಾಪಕರಾಗಬಯಸುವ ವಿದ್ಯಾರ್ಥಿಗಳು. ಗಡಿನಾಡಿನ ಕನ್ನಡಿಗರಾದ ನಮಗೆ ಇದು ಕೇವಲ ಇತಿಹಾಸದ ಕುತೂಹಲವಲ್ಲ.

ನಮ್ಮ ಕರಾವಳಿಯಲ್ಲಿ ಐಗಳ ಮಠಗಳಿದ್ದ ಕಾಲಕ್ಕೆ ಈ ಸನ್ನದು ಇರಲಿಲ್ಲ. ಹೊಯಿಗೆಯ ಮೇಲೆ ಮಕ್ಕಳ ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದ, ಮಗ್ಗಿಯನ್ನು ಬಾಯಿಪಾಠ ಮಾಡಿಸುತ್ತಿದ್ದ ಐಗಳಿಗೆ ಊರವರ ವಿಶ್ವಾಸವೇ ಸನ್ನದು. ಭೂಗೋಲದ ನಕ್ಷೆ ಅವರಲ್ಲಿರಲಿಲ್ಲ. ಬೋಧನಶಾಸ್ತ್ರದ ಹೆಸರನ್ನೂ ಅವರು ಕೇಳಿದವರಲ್ಲ. ಆದರೆ ತಮ್ಮ ಮುಂದೆ ಕುಳಿತ ಮಗುವಿನ ಮನೆಯನ್ನೂ ಮಾತನ್ನೂ ಅವರು ಬಲ್ಲವರಾಗಿದ್ದರು. ಮುಂದೆ ಬಂದ ಪದವೀಧರ ಅಧ್ಯಾಪಕನಿಗೆ ನಕ್ಷೆ ಸಿಕ್ಕಿತು, ಶಾಸ್ತ್ರವೂ ಸಿಕ್ಕಿತು. ಐಗಳಲ್ಲಿದ್ದ ಆ ಒಂದು ಗುಣವನ್ನು ಮಾತ್ರ ಯಾವ ಪರೀಕ್ಷೆಯೂ ಕೇಳಲಿಲ್ಲ.

ತರಬೇತಿನ ಯೋಚನೆಗೆ ಸರಕಾರದ ಒಪ್ಪಿಗೆ ದೊರೆತುದು 1854ರಲ್ಲಿ, ಚಾರ್ಲ್ಸ್ ವುಡ್ಡನ ಶಿಕ್ಷಣ ನಿರೂಪದ ಮೂಲಕ. ಎರಡು ವರ್ಷಗಳ ತರುವಾಯ, 1856ರಲ್ಲಿ, ಮದರಾಸಿನಲ್ಲಿ ಸರಕಾರಿ ನಾರ್ಮಲ್ ಸ್ಕೂಲ್ ಸ್ಥಾಪಿತವಾಯಿತು. ಅದೇ ಮುಂದೆ ಸೈದಾಪೇಟೆಯ ಟೀಚರ್ಸ್ ಕಾಲೇಜೆಂದು ದಕ್ಷಿಣ ಭಾರತದಲ್ಲೆಲ್ಲ ಹೆಸರಾಯಿತು. 1882ರಲ್ಲಿ ನೇಮಕವಾದ ಹಂಟರ್ ಆಯೋಗವು ಬೋಧನೆಯ ತತ್ವ ಮತ್ತು ಪ್ರಯೋಗಗಳಲ್ಲಿ ಪರೀಕ್ಷೆಯೊಂದು ಇರಬೇಕೆಂದೂ, ಪದವೀಧರರಿಗೆ ತರಬೇತಿನ ಅವಧಿ ಇತರರಿಗಿಂತ ಕಡಿಮೆ ಸಾಕೆಂದೂ ಸಲಹೆಯಿತ್ತಿತು. 1886ರಲ್ಲಿ ಮದರಾಸು ವಿಶ್ವವಿದ್ಯಾನಿಲಯ ಎಲ್.ಟಿ. ಪದವಿಯನ್ನು ಆರಂಭಿಸಿತು. ಲೈಸೆನ್ಷಿಯೇಟ್ ಇನ್ ಟೀಚಿಂಗ್ ಎಂದರೆ ಪಾಠ ಹೇಳುವುದಕ್ಕೆ ಪರವಾನಿಗೆ ಪಡೆದವನು. ಸನ್ನದೆಂಬ ಮಾತು ಆ ಪದವಿಯ ಹೆಸರಿನಲ್ಲಿಯೇ ಅಡಗಿದೆ.

ಆ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯೂ ಅದಕ್ಕೆ ಸೇರಿದ ಕಾಸರಗೋಡೂ ಮದರಾಸು ಪ್ರಾಂತಕ್ಕೆ ಒಳಪಟ್ಟಿದ್ದವು. ಆದುದರಿಂದ ನಮ್ಮ ಕಡೆಯ ಪದವೀಧರನಿಗೆ ಈ ಪರವಾನಿಗೆ ಬೇಕಾದರೆ ಪ್ರಾಂತದ ಇನ್ನೊಂದು ತುದಿಯತ್ತ ಮುಖಮಾಡಬೇಕಾಗಿತ್ತು. ಮಂಗಳೂರಿಗೆ ರೈಲುಮಾರ್ಗ ಬಂದುದೇ 1907ರಲ್ಲಿ. ಸೈದಾಪೇಟೆಯ ತರಬೇತನ್ನು ಆಗ ದೊಡ್ಡ ವಿದ್ವಾಂಸರೂ ಕೀಳೆಂದು ತಿಳಿಯಲಿಲ್ಲ. 1909ರಲ್ಲಿ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದ ಸರ್ವೇಪಲ್ಲಿ ರಾಧಾಕೃಷ್ಣನ್ನರು ಮರುವರ್ಷವೇ ಅಲ್ಲಿ ಎಲ್.ಟಿ. ತರಬೇತಿಗೆ ಹೋದರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿ, ಕೊನೆಗೆ ರಾಷ್ಟ್ರಪತಿಗಳಾದ ಅವರ ಜನ್ಮದಿನವನ್ನೇ 1962ರಿಂದ ನಾವು ಶಿಕ್ಷಕರ ದಿನವೆಂದು ಆಚರಿಸುತ್ತಿದ್ದೇವೆ.

ತರಬೇತು ಕಾಲೇಜಿನಲ್ಲಿ ಏನನ್ನು ಕಲಿಸುತ್ತಿದ್ದರು? 1904ರಲ್ಲಿ ಕರ್ಜನ್ ಪ್ರಭುವಿನ ಸರಕಾರ ಹೊರಡಿಸಿದ ಶಿಕ್ಷಣ ನಿರ್ಣಯವು ಪದವೀಧರರಿಗೆ ಒಂದು ವರ್ಷದ ತರಬೇತು ಇರಬೇಕೆಂದೂ, ಪ್ರತಿಯೊಂದು ತರಬೇತು ಕಾಲೇಜಿಗೂ ಅಭ್ಯಾಸಶಾಲೆಯೊಂದು ಹೊಂದಿಕೊಂಡಿರಬೇಕೆಂದೂ ವಿಧಿಸಿತು. ಜರ್ಮನಿಯ ಹರ್ಬಾರ್ಟನ ಅನುಯಾಯಿಗಳು ರೂಪಿಸಿದ ಪಂಚ ಸೋಪಾನಗಳು ಪಾಠಟಿಪ್ಪಣಿಯ ಅಚ್ಚಾದವು. ಪೂರ್ವಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ ಎಂಬ ಈ ಐದು ಮೆಟ್ಟಿಲುಗಳನ್ನು ಏರದೆ ತರಬೇತಿನ ಅಧ್ಯಾಪಕ ತರಗತಿಯಿಂದ ಇಳಿಯುವಂತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಸಹಪಾಠಿಗಳೂ ಉಪನ್ಯಾಸಕರೂ ಕುಳಿತು ಗುಣದೋಷಗಳನ್ನು ಬರೆದುಕೊಳ್ಳುತ್ತಿದ್ದ ವಿಮರ್ಶಾಪಾಠವನ್ನು ನೆನೆದು ಇಂದಿಗೂ ಬೆವರುವ ಹಿರಿಯರಿದ್ದಾರೆ. ಈ ಶಿಸ್ತಿನಿಂದ ಪ್ರಯೋಜನವಾಗಲಿಲ್ಲವೆಂದು ನಾವು ಹೇಳಲಾರೆವು. ಆದರೆ ಇದೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಆಗಿನ ಹೈಸ್ಕೂಲಿನ ಭಾಷೆಯೂ ಇಂಗ್ಲಿಷೇ ಆಗಿತ್ತು. ಮಗುವಿನ ಮಾತು ಅಧ್ಯಾಪಕನಿಗೆ ತಿಳಿದಿದೆಯೇ ಎಂಬ ಪ್ರಶ್ನೆಗೆ ಆಗ ಅವಕಾಶವೇ ಇರಲಿಲ್ಲ.

ಸ್ವಾತಂತ್ರ್ಯಾನಂತರ ವಿಷಯದ ಸ್ವರೂಪವೇ ಬದಲಾಯಿತು. ಅದುವರೆಗೆ ಇತಿಹಾಸ ಬೇರೆ, ಭೂಗೋಲ ಬೇರೆ. ಮದರಾಸು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರರ ಅಧ್ಯಕ್ಷತೆಯ ಪ್ರೌಢಶಿಕ್ಷಣ ಆಯೋಗವು 1953ರ ತನ್ನ ವರದಿಯಲ್ಲಿ ಇತಿಹಾಸ, ಭೂಗೋಲ, ಅರ್ಥಶಾಸ್ತ್ರ, ಪೌರನೀತಿಗಳನ್ನು ಒಂದುಗೂಡಿಸಿದ ಸಮಾಜಪಾಠವನ್ನು ಎಲ್ಲರೂ ಕಲಿಯಬೇಕೆಂದು ಶಿಫಾರಸು ಮಾಡಿತು. ಉದ್ದೇಶ ಘನವಾದುದು: ಮಗು ತಾನು ಬಾಳುವ ಸಮಾಜವನ್ನು ಇಡಿಯಾಗಿ ಅರಿಯಬೇಕು. ಅದರ ಭಾರ ಬಿದ್ದುದು ಅಧ್ಯಾಪಕನ ಹೆಗಲಮೇಲೆ. ಇತಿಹಾಸದ ಪದವೀಧರನು ಅಕ್ಷಾಂಶ ರೇಖಾಂಶಗಳನ್ನು ವಿವರಿಸಬೇಕಾಯಿತು. ಅರ್ಥಶಾಸ್ತ್ರದ ಪದವೀಧರನು ಸಿಂಧೂ ನಾಗರಿಕತೆಯನ್ನು ಹೇಳಬೇಕಾಯಿತು. ಕಾಲೇಜಿನಲ್ಲಿ ಕಲಿಯದುದನ್ನು ಶಾಲೆಯಲ್ಲಿ ಕಲಿಸಬೇಕಾದ ಈ ಇಕ್ಕಟ್ಟು ಸಮಾಜಪಾಠದ ಅಧ್ಯಾಪಕನನ್ನು ಇಂದಿಗೂ ಬಿಟ್ಟಿಲ್ಲ.

ಇದೇ ಹೊತ್ತಿಗೆ ನಮ್ಮ ನಾಡಿನ ಗತಿಯೂ ತಿರುಗಿತು. 1956ನೆಯ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಆ ವರ್ಷವೇ ಸಂವಿಧಾನಕ್ಕೆ ಆದ ಏಳನೆಯ ತಿದ್ದುಪಡಿ 350ಎ ವಿಧಿಯನ್ನು ಸೇರಿಸಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಅನುಕೂಲತೆ ಒದಗಿಸಲು ರಾಜ್ಯಗಳು ಯತ್ನಿಸಬೇಕು. ಆದರೆ ವಾಚಕರು ಗಮನಿಸಬೇಕು, ಆ ವಿಧಿಯ ಮಾತು ಪ್ರಾಥಮಿಕ ಹಂತಕ್ಕೆ ಮಾತ್ರ ಅನ್ವಯಿಸುತ್ತದೆ. ಪ್ರೌಢಶಾಲೆಯ ಹೊಸ್ತಿಲಿಗೆ ಬಂದೊಡನೆ ಸಂವಿಧಾನದ ಆ ಅಭಯ ನಿಂತುಹೋಗುತ್ತದೆ. ಅಲ್ಲಿಂದ ಮುಂದೆ ಸರಕಾರದ ಆಜ್ಞೆಗಳನ್ನೂ ಜನರ ಎಚ್ಚರವನ್ನೂ ನಂಬಿ ನಡೆಯಬೇಕು. ಸಮಾಜಪಾಠಕ್ಕೆ ಪ್ರತ್ಯೇಕ ಅಧ್ಯಾಪಕ ಬರುವುದು ಸರಿಯಾಗಿ ಆ ಹೊಸ್ತಿಲಿನಲ್ಲಿಯೇ.

ಅತ್ತ ಸನ್ನದು ಬಿಗಿಯಾಗುತ್ತ ಹೋಯಿತು. 1963ರಲ್ಲಿ ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜು ಹುಟ್ಟಿ, ಪದವಿಯನ್ನೂ ತರಬೇತನ್ನೂ ಒಂದುಗೂಡಿಸಿದ ನಾಲ್ಕು ವರ್ಷಗಳ ಶಿಕ್ಷಣಕ್ರಮಕ್ಕೆ ದಾರಿ ತೆರೆಯಿತು. 1964-66ರ ಕೊಠಾರಿ ಆಯೋಗವು ತರಬೇತು ಕಾಲೇಜುಗಳು ಅತ್ತ ವಿಶ್ವವಿದ್ಯಾನಿಲಯದಿಂದಲೂ ಇತ್ತ ಶಾಲೆಗಳಿಂದಲೂ ದೂರವಾಗಿ ಒಂಟಿಯಾಗಿವೆಯೆಂದು ಎಚ್ಚರಿಸಿತು. 1993ರ ಕಾಯಿದೆಯ ಮೇರೆಗೆ ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತು 1995ರಲ್ಲಿ ಶಾಸನಬದ್ಧ ಸಂಸ್ಥೆಯಾಯಿತು. ನ್ಯಾಯಮೂರ್ತಿ ಜೆ. ಎಸ್. ವರ್ಮಾ ಆಯೋಗದ 2012ರ ವರದಿಯ ಬಳಿಕ, 2014ರ ನಿಯಮಗಳಂತೆ, ಬಿ.ಎಡ್. ಎರಡು ವರ್ಷಗಳದಾಯಿತು, ಅದರಲ್ಲಿ 20 ವಾರಗಳನ್ನು ಶಾಲೆಯಲ್ಲಿಯೇ ಕಳೆಯಬೇಕೆಂದಾಯಿತು. 2012ರಿಂದ ಕೇರಳದಲ್ಲಿ ಕೆ-ಟೆಟ್ ಎಂಬ ಅರ್ಹತಾ ಪರೀಕ್ಷೆಯೂ ಸೇರಿಕೊಂಡಿತು. ಅದರ ಮೂರನೆಯ ವಿಭಾಗ ಪ್ರೌಢಶಾಲೆಯ ಅಧ್ಯಾಪಕರದು. ಹೀಗೆ ಒಂದೂಕಾಲು ಶತಮಾನಕ್ಕೂ ಮಿಕ್ಕಿದ ಅವಧಿಯಲ್ಲಿ ಒಂದು ಪರವಾನಿಗೆ ಮೂರು ಬೀಗಗಳ ಬಾಗಿಲಾಯಿತು: ವಿಷಯದ ಪದವಿ, ಬಿ.ಎಡ್., ಅರ್ಹತಾ ಪರೀಕ್ಷೆ.

ಈ ಮೂರು ಬೀಗಗಳನ್ನು ತೆರೆದು ಬಂದವನು ಕನ್ನಡ ಮಾಧ್ಯಮದ ಎಂಟನೆಯ ತರಗತಿಯಲ್ಲಿ ನಿಂತು ಮಕ್ಕಳೊಡನೆ ಮಾತನಾಡಬಲ್ಲನೇ? ಕನ್ನಡ ಮಾಧ್ಯಮದ ಸಮಾಜವಿಜ್ಞಾನ ಅಧ್ಯಾಪಕನ ಹುದ್ದೆಯನ್ನು ಕೇರಳ ಲೋಕಸೇವಾ ಆಯೋಗ ಪ್ರತ್ಯೇಕವಾಗಿಯೇ ಗುರುತಿಸಿದೆ. ಅದು ಸಂತೋಷದ ಸಂಗತಿ. ಆದರೂ ಕನ್ನಡವರಿಯದವರು ಕನ್ನಡ ತರಗತಿಗೆ ನಿಯುಕ್ತರಾದರೆಂದು ಮಕ್ಕಳೂ ರಕ್ಷಕರೂ ಶಾಲೆಯ ಮುಂದೆ ಕುಳಿತ ಸಂದರ್ಭಗಳನ್ನು ಕಾಸರಗೋಡಿನವರು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದಾರೆ. ಹಾಗೆ ಬಂದ ಅಧ್ಯಾಪಕನನ್ನು ನಾವು ದೂಷಿಸುವುದಿಲ್ಲ. ಅವನ ಸನ್ನದು ಸುಳ್ಳಲ್ಲ, ಅದು ಅಪೂರ್ಣ.

ಗಣಿತದಲ್ಲಿ ಅಂಕೆಗಳು ಸ್ವಲ್ಪಮಟ್ಟಿಗೆ ಭಾಷೆಯ ಕೊರತೆಯನ್ನು ಮುಚ್ಚಬಹುದು. ಸಮಾಜಪಾಠದಲ್ಲಿ ಮುಚ್ಚಲಾರವು. ಒಂದು ಉದಾಹರಣೆ ಸಾಕು. ಕೇರಳದ ಭೂಸುಧಾರಣೆಯ ಪಾಠ ಬಂದಾಗ ಜನ್ಮಿ, ಕಾಣಂ, ಪಾಟ್ಟಂ ಎಂಬ ಮಲಬಾರಿನ ಮಾತುಗಳು ಬರುತ್ತವೆ. ಆದರೆ ದಕ್ಷಿಣ ಕನ್ನಡದ ಭಾಗವಾಗಿದ್ದ ನಮ್ಮ ನೆಲದಲ್ಲಿ ವ್ಯವಸ್ಥೆಯೂ ಮಾತೂ ಬೇರೆ: ಇಲ್ಲಿ ವರ್ಗದಾರ, ಮೂಲಗೇಣಿ, ಚಾಲಗೇಣಿ. ಮೂಲಗೇಣಿಯ ಒಕ್ಕಲಿಗೆ ನೆಲದ ಮೇಲೆ ಶಾಶ್ವತವಾದ ಹಕ್ಕಿತ್ತು. ಚಾಲಗೇಣಿಯವನನ್ನು ಧಣಿ ಎಬ್ಬಿಸಬಹುದಾಗಿತ್ತು. 1970ರ ಜನವರಿ 1ರಿಂದ ಗೇಣಿ ಪದ್ಧತಿ ರದ್ದಾದುದರ ಅರ್ಥವೇನೆಂಬುದನ್ನು ತನ್ನ ಅಜ್ಜ ಚಾಲಗೇಣಿಯವನಾಗಿದ್ದನೆಂದು ಮನೆಯಲ್ಲಿ ಕೇಳಿದ ಮಗುವಿಗೆ ಒಂದೇ ಮಾತಿನಲ್ಲಿ ತಿಳಿಸಬಹುದು. ಆ ಮಾತು ಅಧ್ಯಾಪಕನ ಬಾಯಲ್ಲಿರಬೇಕು. ಇಲ್ಲವಾದರೆ ಮಗು ತನ್ನ ಮನೆಯ ಚರಿತ್ರೆಯನ್ನೇ ಪರದೇಶದ ಚರಿತ್ರೆಯಂತೆ ಉರುಹೊಡೆಯುತ್ತದೆ. ಹರ್ಬಾರ್ಟನ ಅನುಯಾಯಿಗಳು ಹೇಳಿದ ಮೊದಲನೆಯ ಮೆಟ್ಟಿಲು ಇದೇ ಅಲ್ಲವೇ? ತಿಳಿದುದರಿಂದ ತಿಳಿಯದುದಕ್ಕೆ ಕರೆದೊಯ್ಯಬೇಕಾದವನು ಮಗುವಿಗೆ ತಿಳಿದಿರುವುದೇನೆಂದು ಮೊದಲು ಬಲ್ಲವನಾಗಬೇಕು.

ಆದುದರಿಂದ ನಾವು ಬೇಡುವುದು ದೊಡ್ಡದೇನಲ್ಲ. ಕನ್ನಡ ಮಾಧ್ಯಮದ ಹುದ್ದೆಗೆ ಹೋಗುವವನ ಶಾಲಾನುಭವದ ಆ 20 ವಾರಗಳು ಕನ್ನಡ ತರಗತಿಯಲ್ಲಿಯೇ ಕಳೆಯಲಿ. ನೇಮಕಕ್ಕೆ ಮುನ್ನ ಅವನು ಕನ್ನಡದಲ್ಲಿ ಒಂದು ಪಾಠವನ್ನು ಮಾಡಿ ತೋರಿಸಲಿ. ನಮ್ಮ ಪಾಲಿನ ಕೆಲಸವೂ ಉಂಟು. ಅನುಭವಿಗಳಾದ ಅಧ್ಯಾಪಕರು ಈ ನೆಲದ ಗೇಣಿ, ಕೃಷಿ, ಆಡಳಿತಗಳ ಮಾತುಗಳನ್ನು ಕಲೆಹಾಕಿ ಎಳೆಯರಿಗೆ ಒಪ್ಪಿಸಲಿ. ಜಾಣ ವಿದ್ಯಾರ್ಥಿಗಳು ಅಧ್ಯಾಪಕ ವೃತ್ತಿಯನ್ನು ಬೇರೆ ಕೆಲಸ ಸಿಗದವರ ಕಡೆಯ ಆಸರೆಯೆಂದು ತಿಳಿಯದಿರಲಿ. ಕನ್ನಡ ಬಲ್ಲ ಅರ್ಹರು ಮುಂದೆ ಬಾರದಿದ್ದರೆ, ಖಾಲಿ ಕುರ್ಚಿಯಲ್ಲಿ ಬೇರೆಯವರು ಕುಳಿತರೆಂದು ದೂರುವ ಬಾಯಿ ನಮಗೆ ಉಳಿಯುವುದಿಲ್ಲ.

ಐಗಳಿಗೆ ಶಾಸ್ತ್ರವಿರಲಿಲ್ಲ, ಮಗುವಿನ ಮಾತು ಇತ್ತು. ಸೈದಾಪೇಟೆಯ ಪದವೀಧರನಿಗೆ ಶಾಸ್ತ್ರವಿತ್ತು, ಮಗುವಿನ ಮಾತನ್ನು ಯಾರೂ ಕೇಳಲಿಲ್ಲ. ಎರಡೂ ಒಬ್ಬನಲ್ಲಿ ಕೂಡಿದ ದಿನ ಅಧ್ಯಾಪಕನ ಸನ್ನದು ಪೂರ್ಣವಾಗುವುದು. ಇದನ್ನೋದುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಆ ಪೂರ್ಣವಾದ ಸನ್ನದನ್ನು ಹಿಡಿದು ನಮ್ಮ ಶಾಲೆಗಳಿಗೇ ಮರಳಿ ಬರಲೆಂದು ಹಾರೈಸುತ್ತೇವೆ.