ಹರಿಗೋಲಿನ ಕಲೆ

ಮೊದಲೇ ಹೇಳಿಬಿಡುತ್ತೇನೆ, ಇದು ನನ್ನದೇ ಒಂದು ದಡ್ಡತನದ ಕತೆ. ನಡುನಡುವೆ ಒಂದಿಷ್ಟು ಇತಿಹಾಸ, ಒಂದಿಷ್ಟು ಹೈಸ್ಕೂಲ್ ಕೆಮಿಸ್ಟ್ರಿ ಬರುತ್ತದೆ. ಸಹಿಸಿಕೊಳ್ಳಿ :)

ನನ್ನೂರು ಆಳಂದ. ಅಮ್ಮನ ತವರು ಅಫಜಲಪುರ ತಾಲೂಕಿನಲ್ಲಿ, ಭೀಮಾ ನದಿ ದಂಡೆಯ ಒಂದು ಹಳ್ಳಿ. ಆಳಂದದ ಕಡೆಯಿಂದ ಹರಿಯುವ ಅಮರ್ಜಾ ಗಾಣಗಾಪುರದ ಹತ್ತಿರ ಭೀಮೆಯನ್ನು ಸೇರುತ್ತದಲ್ಲ, ಹಾಗೇ ಸೂಟಿ ಬಿಟ್ಟ ಕೂಡಲೇ ನಾವೂ ಹೋಗಿ ಭೀಮೆ ಸೇರುತ್ತಿದ್ದೆವು. ಈಗ ಬೆಂಗಳೂರಿನಲ್ಲಿ ಕೋಡು ಬರೆಯುವ ಕೆಲಸ, ಊರು ವರ್ಷಕ್ಕೆರಡು ಸಲ. ಕಳೆದ ಸೆಪ್ಟೆಂಬರಿನಲ್ಲಿ ಹೋದಾಗ ಮಾಮಾ ಒಂದು ಕೆಲಸ ಹಚ್ಚಿದರು. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಊರ ಶಾಲೆಯಲ್ಲಿ ಹಳೆಯ ಸಾಮಾನುಗಳನ್ನು ಇಡುತ್ತಾರಂತೆ. ಅಂಬಿಗರ ಮುತ್ಯಾನ ಹರಿಗೋಲನ್ನು ತೊಳೆದು ಚೆಂದ ಮಾಡಿ ಕೊಡಬೇಕಂತೆ.

ಹರಿಗೋಲು ನೋಡದವರಿಗಾಗಿ: ಬಿದಿರು ಸೀಳಿ ಹೆಣೆದ ದೊಡ್ಡ ದುಂಡನೆಯ ಬುಟ್ಟಿ, ಹೊರಗೊಂದು ಹೊದಿಕೆ, ಅಷ್ಟೇ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್, ಆನೆಗೊಂದಿಯ ಹತ್ತಿರ ಇದನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಕೂರಬಹುದು, ಆದರೆ ನೆಟ್ಟಗೆ ಹೋಗುವುದಿಲ್ಲ, ಸುತ್ತುತ್ತಲೇ ಇರುತ್ತದೆ ಅಂತ. 1933ರಲ್ಲಿ ಜೇಮ್ಸ್ ಹಾರ್ನೆಲ್ ಎಂಬ ವಿದ್ವಾಂಸ ದಕ್ಷಿಣ ಭಾರತದ ಹರಿಗೋಲುಗಳ ಮೇಲೆಯೇ ಒಂದು ಲೇಖನ ಬರೆದ. ನಾಲ್ಕು ಶತಮಾನ ಕಳೆದರೂ ಅದೇ ಬುಟ್ಟಿ! ನಮ್ಮ ಫೀಲ್ಡಿನಲ್ಲಿ ನಾಲ್ಕು ವರ್ಷ ಬಾಳಿದ ಡಿಸೈನು ತೋರಿಸಿ ನೋಡೋಣ. ಆಮೇಲೆ ಬದಲಾಗಿದ್ದು ಹೊದಿಕೆ ಮಾತ್ರ. ತೊಗಲು ಹೋಗಿ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಡಾಂಬರು ಬಂತು.

ನಮ್ಮ ಕಡೆ ಹರಿಗೋಲಿಗೆ ಇನ್ನೊಂದು ಚರಿತ್ರೆಯೂ ಇದೆ. ಅಫಜಲಪುರದ ಮಗ್ಗುಲಲ್ಲಿ ಭೀಮಾ ಬರೀ ನದಿಯಾಗಿರಲಿಲ್ಲ, ಗಡಿಯಾಗಿತ್ತು. ಈ ದಂಡೆ ನಿಜಾಮನ ಹೈದರಾಬಾದ್, ಆ ದಂಡೆಯ ಇಂಡಿ, ಸಿಂದಗಿ ಕಡೆ ಬ್ರಿಟಿಷರ ಮುಂಬಯಿ ಪ್ರಾಂತ. ಇಲ್ಲಿ ಹಾಲಿ ರೂಪಾಯಿ, ಅಲ್ಲಿ ಕಲ್ದಾರ್ ರೂಪಾಯಿ. ನಿಜಾಮನ ಗಡಿ ದಾಟುವ ಸರಕಿಗೆ ಕರೋಡ್‌ಗಿರಿ ಸುಂಕ ಬೇರೆ. 1947-48ರ ರಜಾಕಾರರ ಗಲಾಟೆಯಲ್ಲಿ ಹೈದರಾಬಾದ್ ಕಡೆಯ ಎಷ್ಟೋ ಜನ ಜೀವ ಉಳಿಸಿಕೊಳ್ಳಲು ಗಡಿ ದಾಟಿದರು. ನಮ್ಮ ಆಯಿ ಹೇಳುತ್ತಿದ್ದಳು, ಅವಳನ್ನೂ ಅವಳ ತಮ್ಮನನ್ನೂ ರಾತ್ರೋರಾತ್ರಿ ಹರಿಗೋಲಿನಲ್ಲಿ ಕೂಡಿಸಿ ಆ ದಂಡೆಗೆ ದಾಟಿಸಿದ್ದು ಈ ಮುತ್ಯಾನ ಅಪ್ಪನೇ ಅಂತ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾದ. ಆದರೂ 1956ರವರೆಗೆ ಎರಡು ದಂಡೆ ಎರಡು ರಾಜ್ಯವಾಗಿಯೇ ಇದ್ದವು.

ಆ ಬುಟ್ಟಿ ಈಗಿಲ್ಲ ಬಿಡಿ. ಬಿದಿರು ಎಷ್ಟು ವರ್ಷ ಬಾಳೀತು? ಈಗಿರುವುದು ಮುತ್ಯಾ ತಾನೇ ಹೆಣೆದ ಕೊನೆಯದು. ಸೇತುವೆಗಳಾದ ಮೇಲೆ ದಾಟುವವರು ಕಡಿಮೆಯಾಗಿ, ಅದು ಕೊಟ್ಟಿಗೆ ಸೇರಿತ್ತು. ಹುಟ್ಟು ಮಾತ್ರ ಅವರಪ್ಪನ ಕಾಲದ್ದು, ಜಾಲಿ ಮರದ್ದು.

ಹೊರಗೆಳೆದು ತಂದು ನೋಡಿದೆ, ಮೂರು ಬಗೆಯ ಕಲೆ. ಹೊರಮೈಮೇಲೆ ಬೂದುಬಿಳಿ ಪಟ್ಟಿ, ಒಳಗಿನ ಬಿದಿರಿಗೆ ಮೆತ್ತಿದ ಡಾಂಬರು, ಹುಟ್ಟಿಗೆ ಹೊಡೆದ ಮೊಳೆಗಳ ಸುತ್ತ ನೀಲಿಗಪ್ಪು.

ನೀಲಿಗಪ್ಪು ಎಲ್ಲಕ್ಕಿಂತ ಹಟಮಾರಿ. ಜಾಲಿಯಲ್ಲಿ ಟ್ಯಾನಿನ್ ಬಹಳ, ಅದರ ತೊಗಟೆಯಲ್ಲೇ ತೊಗಲು ಹದ ಮಾಡುತ್ತಾರೆ. ಒದ್ದೆ ಟ್ಯಾನಿನ್‌ಗೆ ಕಬ್ಬಿಣ ತಾಕಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ಹಿಂದೆ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದುದೂ ಇದೇ ಲೆಕ್ಕದಲ್ಲಿ. ಅಂದರೆ ಹುಟ್ಟಿನ ಮೇಲೆ ಇದ್ದದ್ದು ಅಕ್ಷರಶಃ ಮಸಿ! ಸೋಪಿಗೆ ಜಗ್ಗುವುದಿಲ್ಲ. ತುಕ್ಕು ತೆಗೆಯಲು ಬಳಸುವ ಆಕ್ಸಾಲಿಕ್ ಆಮ್ಲವೇ ಬೇಕು. ಅದು ವಿಷ, ಕೈಗವಸಿಲ್ಲದೆ ಮುಟ್ಟಬಾರದು. ಹಳ್ಳಿಯಲ್ಲಿ ಸಿಗಲಿಲ್ಲ, ಹುಟ್ಟು ಬಚಾವಾಯಿತು.

ಡಾಂಬರು ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಚಿಮಣಿ ಎಣ್ಣೆಯಲ್ಲಿ ಅರಿವೆ ಅದ್ದಿ ಒರೆಸಿದರೆ ಬಿಡುತ್ತದೆ. ಆದರೆ ಜಾಸ್ತಿ ಹಚ್ಚಿದರೆ ಹೊರಗಿನ ಡಾಂಬರೂ ಮೆತ್ತಗಾಗಿ ಹರಿಗೋಲು ಸೋರುತ್ತದೆ. ಕಲೆ ಅಂತ ನಾವು ಅನ್ನುವುದೇ ಅದನ್ನು ತೇಲಿಸುವುದು. ಹಾಗಾಗಿ ಅದನ್ನೂ ಬಿಟ್ಟೆ.

ಉಳಿದದ್ದು ಬೂದುಬಿಳಿ ಪಟ್ಟಿ. ಇದು ಸುಣ್ಣದ ಅಂಶ ಅಂತ ನೋಡಿದ ಕೂಡಲೇ ಗೊತ್ತಾಯಿತು. ನಮ್ಮ ಕಡೆ ನೀರು ಗಡಸು, ಕೊಡದ ತಳ ನೋಡಿದರೆ ಸಾಕು. ನಾಲ್ಕು ನಿಂಬೆಹಣ್ಣು ಹಿಂಡಿ ತೆಂಗಿನ ನಾರಿನಲ್ಲಿ ತಿಕ್ಕಿದೆ. ಸಣ್ಣಗೆ ನೊರೆ ಬಂತು, ಅಂಟಿದ್ದ ರಾಡಿಯೂ ಬಿಟ್ಟುಬಂತು. ಅರ್ಧ ತಾಸಿನಲ್ಲಿ ಪಟ್ಟಿ ಮಾಯ. ಭಾರೀ ಬಗ್ ಫಿಕ್ಸ್ ಮಾಡಿದವನ ಹಾಗೆ ಹಿಗ್ಗಿದೆ.

ಅಷ್ಟೊತ್ತಿಗೆ ಮುತ್ಯಾ ಕೋಲೂರಿಕೊಂಡು ಬಂದ. ಎಂಬತ್ತೈದು ದಾಟಿದ ಜೀವ. ಹರಿಗೋಲನ್ನು ಒಂದು ಸುತ್ತು ಹಾಕಿ ನಿಂತ.

"ಏ ತಮ್ಮಾ, ಇಲ್ಲಿದ್ದ ಗುರುತು ಎಲ್ಲಿ ಹೋತೋ?"

"ತಿಕ್ಕಿ ತೆಗದೀನಿ ಮುತ್ಯಾ. ಹೆಂಗ ಆಗ್ಯಾದ ನೋಡ್ರಿ."

"ಅದು ಹೊಳಿ ಬಂದಾಗಿನ ಗುರುತಿತ್ತಲ್ಲೋ..." ಅಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

2020ರ ಅಕ್ಟೋಬರಿನ ಮಾತು. ಮಳೆಯ ಜೊತೆಗೆ ಮಹಾರಾಷ್ಟ್ರದ ಉಜನಿ ಜಲಾಶಯದ ನೀರೂ ಸೇರಿ ಭೀಮಾ ಉಕ್ಕಿತು, ಅಫಜಲಪುರ, ಜೇವರ್ಗಿ ತಾಲೂಕಿನ ಹಳ್ಳಿಗಳಿಗೆ ನುಗ್ಗಿತು. ಮುತ್ಯಾನ ಮಣ್ಣಿನ ಮನೆ ಬಿತ್ತು. ನೀರು ಎಲ್ಲಿಯವರೆಗೆ ನಿಂತಿತ್ತು ಅಂತ ತೋರಿಸಲು ಗೋಡೆಯೇ ಉಳಿಯಲಿಲ್ಲ. ಉಳಿದದ್ದು ಕೊಟ್ಟಿಗೆಯ ಕಂಬಕ್ಕೆ ಆನಿಸಿ ಬಿಗಿದಿದ್ದ ಈ ಹರಿಗೋಲಿನ ಮೇಲಿನ ಗೆರೆ ಒಂದೇ. ಮೊಮ್ಮಗ ಮನೆ ಕಟ್ಟುವಾಗ ಆ ಗೆರೆಗಿಂತ ಒಂದು ಮೊಳ ಮೇಲೆ ಪಾಯ ಎತ್ತಬೇಕೆಂದು ಮುತ್ಯಾ ಅದನ್ನು ಕದಲಿಸದೆ ಇಟ್ಟಿದ್ದ. ನಾನು ಹರಿಗೋಲನ್ನೂ ಎಳೆದೆ, ಗೆರೆಯನ್ನೂ ಅಳಿಸಿದೆ.

ಆಮೇಲೆ ಹೊಳೆಯಿತು. ನೀರಲ್ಲಿ ತೇಲಿ ಬಂದ ಕಲೆಯಾಗಿದ್ದರೆ ಬುಟ್ಟಿಯ ಸುತ್ತ ಬಳೆಯ ಹಾಗೆ ಇರಬೇಕಿತ್ತು. ಇದು ಓರೆಯಾಗಿ, ಬುಟ್ಟಿಯನ್ನು ಅಡ್ಡ ಸೀಳಿದ ಹಾಗೆ ಇತ್ತು. ವಾಲಿಸಿ ನಿಲ್ಲಿಸಿದ ವಸ್ತುವಿನ ಮೇಲೆ ನಿಂತ ನೀರು ಮಾತ್ರ ಹಾಗೆ ಗೆರೆ ಎಳೆಯುತ್ತದೆ. ಕಣ್ಣೆದುರಿಗೇ ಇತ್ತು, ಕೇಳಲಿಲ್ಲ. ತೊಳೆಯುವ ಮೊದಲು ಫೋಟೋ ತೆಗೆದಿದ್ದೆ, ನಿಜ. ಅದರಲ್ಲಿ ಗೆರೆ ಇದ್ದ ಕಡೆಗೆ ನಾನೇ ಅಡ್ಡ ನಿಂತಿದ್ದೇನೆ, ಹಲ್ಲು ಕಿರಿದುಕೊಂಡು.

ಇದೇ ಭೀಮೆಯ ದಂಡೆಯಲ್ಲಿ, ಜೇವರ್ಗಿ ದಾಟಿ ಕೆಳಗೆ ಹೋದರೆ ಚಿತ್ತಾಪುರ ತಾಲೂಕಿನ ಸನ್ನತಿ. ಅಲ್ಲಿ 1989ರಲ್ಲಿ ಅಶೋಕನ ಶಾಸನ ಬೆಳಕಿಗೆ ಬಂತು. ಆ ಕಲ್ಲು ಎಷ್ಟೋ ಕಾಲ ಕಾಳಿಯ ವಿಗ್ರಹಕ್ಕೆ ಪೀಠವಾಗಿತ್ತು. ವಿಗ್ರಹ ಕೂಡಿಸಲು ನಡುವೆ ತೂತು ಕೊರೆದಿದ್ದರಿಂದ ಒಂದಿಷ್ಟು ಅಕ್ಷರ ಹೋಗಿವೆ. ಕಾಲೇಜಿನಲ್ಲಿದ್ದಾಗ ಇದನ್ನು ಓದಿ, ಎಂಥಾ ಜನ ಅಂತ ನಕ್ಕಿದ್ದೆ. ಆ ಕೊರೆದವನೂ ನನ್ನ ಹಾಗೇ, ಒಳ್ಳೆಯ ಕೆಲಸಕ್ಕೇ ಕೊರೆದಿದ್ದ. ಪಕ್ಕದ ಕನಗನಹಳ್ಳಿ ಸ್ತೂಪದ ಶಿಲ್ಪಗಳೆಲ್ಲ ಸುಣ್ಣಕಲ್ಲಿನವು. ನಾನು ಹರಿಗೋಲಿಗೆ ಹಚ್ಚಿದ ನಿಂಬೆರಸವನ್ನೇ ಯಾರಾದರೂ ಅಲ್ಲಿ ಹಚ್ಚಿದರೆ ಕಲೆಯ ಜೊತೆ ಕಲ್ಲೂ ಹೋಗುತ್ತದೆ. ನಮ್ಮ ಕೋಡಿಗಾದರೆ ಹಳೆಯ ಪ್ರತಿ ಎಲ್ಲೋ ಒಂದು ಕಡೆ ಇರುತ್ತದೆ, ಇವಕ್ಕೆ ಇಲ್ಲ.

ಹರಿಗೋಲು ಹಾಗೇ ಶಾಲೆಗೆ ಹೋಯಿತು, ಮಸಿ ಹತ್ತಿದ ಹುಟ್ಟಿನ ಜೊತೆ. ಹುಡುಗರು ಒಳಗೆ ಕೂತು ಸುತ್ತಿದ್ದೇ ಸುತ್ತಿದ್ದು.

ಮರುದಿನ ಮುತ್ಯಾನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದೆ. ನೀರು ಇಳಿಯುವಾಗ ತಾನು ನಿಂತಿದ್ದ ಜಾಗದಲ್ಲಿ ನಿಂತು, ತೊಡೆಯ ಮೇಲೆ ಕೈಯಿಟ್ಟು "ಇಲ್ಲೀತನ" ಅಂದ. ಸ್ವಲ್ಪ ಯೋಚಿಸಿ ಕೈಯನ್ನು ನಾಲ್ಕು ಬೆರಳು ಮೇಲೆ ಸರಿಸಿದ. ಅದೇ ಎತ್ತರಕ್ಕೆ ಕಂಬಕ್ಕೊಂದು ಕಬ್ಬಿಣದ ಮೊಳೆ ಹೊಡೆದೆವು. ಮೊದಲಿನ ಗೆರೆಯಷ್ಟು ಖಚಿತ ಅಲ್ಲ, ಗೊತ್ತು. ಆದರೆ ಕಂಬ ಜಾಲಿಯದು. ಒಂದೆರಡು ಮಳೆಗಾಲ ಹೋದರೆ ಮೊಳೆಯ ಸುತ್ತ ಮಸಿ ಏರುತ್ತದೆ, ಆ ಕಲೆಯನ್ನು ಯಾರೂ ತಿಕ್ಕಬಾರದು ಅಂತ ಮಾಮಾನಿಗೆ ಹೇಳಿ ಬಂದಿದ್ದೇನೆ.

ನಿಮ್ಮ ಮನೆಯ ಹಳೆಯ ಸಾಮಾನಿನ ಮೇಲೂ ಇಂಥ ಗುರುತುಗಳಿದ್ದರೆ ಹೇಳಿ. ತೊಳೆಯುವ ಮೊದಲು :)