ಕ್ಷೌರದ ಕತ್ತಿ, ತೊಗಲ ಪಟ್ಟಿ ಮತ್ತು ಒಂದು ಚಿಟಿಕೆ ಹುಡಿ

ಇತಿಹಾಸವೆಂದರೆ ಅರಸರ ಕತ್ತಿಗಳ ಕಥೆಯೆಂದೇ ಬಹುಮಂದಿ ಭಾವಿಸಿರುತ್ತಾರೆ. ಈ ಸಲ ಕ್ಷೌರದ ಕತ್ತಿಯ ಕಡೆಗೆ, ಅದರಲ್ಲಿಯೂ ಅದನ್ನು ಮಸೆಯುವ ತೊಗಲ ಪಟ್ಟಿಗೆ ಸವರುತ್ತಿದ್ದ ಹುಡಿಯ ಕಡೆಗೆ ನಿಮ್ಮ ಗಮನವನ್ನು ಸೆಳೆಯಬಯಸುತ್ತೇನೆ. ಒಂದು ಚಿಟಿಕೆ ಹುಡಿಯ ಹಿಂದೆ ಎಷ್ಟು ದೇಶಗಳಿವೆ, ಎಷ್ಟು ಏಳುಬೀಳುಗಳಿವೆ ಎಂಬುದನ್ನು ನೋಡಿದರೆ ಸೋಜಿಗವಾಗುತ್ತದೆ.

ಸಾಣೆಕಲ್ಲು ಅಲಗಿಗೆ ಹರಿತವನ್ನು ಕೊಡುತ್ತದೆಯಾದರೂ ಸೂಕ್ಷ್ಮವಾದ ಗೀರುಗಳನ್ನೂ ಉಳಿಸುತ್ತದೆ. ಅವನ್ನು ತೊಡೆದುಹಾಕುವುದೇ ಹುಡಿ ಸವರಿದ ಪಟ್ಟಿಯ ಕೆಲಸ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾನದಲ್ಲಿ ವಜ್ರಕ್ಕೆ 10, ಕುರಂದಕ್ಕೆ 9, ಕಬ್ಬಿಣದ ಕೆಂಪು ಆಕ್ಸೈಡಿಗೆ ಸುಮಾರು 6. ಆದರೆ ಇಲ್ಲಿ ಗಡಸುತನವೊಂದೇ ಸಾಲದು. ಕಣಗಳೆಲ್ಲವೂ ಒಂದೇ ಸಮನಾಗಿ ನುಣುಪಾಗಿರಬೇಕು. ಒಂದೇ ಒಂದು ಒರಟು ಕಣ ಸೇರಿದರೂ ಅದು ಅಲಗಿನ ಮೇಲೆ ಹೊಸ ಗೀರನ್ನು ಎಳೆದುಬಿಡುತ್ತದೆ. ಆದುದರಿಂದ ಹಿಂದಿನವರು ಹುಡಿಯನ್ನು ನೀರಿನಲ್ಲಿ ಕದಡಿ, ದಪ್ಪ ಕಣಗಳು ತಳ ಸೇರುವವರೆಗೆ ಕಾದು, ಮೇಲಿನ ಕದಡಿದ ನೀರನ್ನು ಬಸಿದು, ಅದರಲ್ಲಿ ನಿಧಾನವಾಗಿ ತಂಗುವ ನಯವಾದ ಹುಡಿಯನ್ನು ಮಾತ್ರ ಆರಿಸಿಕೊಳ್ಳುತ್ತಿದ್ದರು.

ಈ ಹುಡಿ ಬರುತ್ತಿದ್ದುದಾದರೂ ಎಲ್ಲಿಂದ? ಕುರಂದವೂ ಕಬ್ಬಿಣದ ಅದಿರೂ ಬೆರೆತ ಎಮರಿ ಎಂಬ ಕಲ್ಲಿಗೆ ಗ್ರೀಸಿನ ನಾಕ್ಸೋಸ್ ದ್ವೀಪವು ಪ್ರಾಚೀನ ಕಾಲದಿಂದಲೂ ಪ್ರಸಿದ್ಧ. 1840ರ ದಶಕದಲ್ಲಿ ಅಮೆರಿಕದ ಲಾರೆನ್ಸ್ ಸ್ಮಿತ್ ಎಂಬ ವಿಜ್ಞಾನಿಯು ತುರ್ಕಿಯಲ್ಲಿ ಎಮರಿಯ ನಿಕ್ಷೇಪಗಳನ್ನು ಗುರುತಿಸಿದ ಬಳಿಕ ನಾಕ್ಸೋಸಿನ ಏಕಸ್ವಾಮ್ಯ ಮುರಿಯಿತು. ಇನ್ನು ‘ಕೊರಂಡಮ್’ ಎಂಬ ಇಂಗ್ಲಿಷ್ ಹೆಸರು ನಮ್ಮ ದಕ್ಷಿಣ ಭಾರತದ ಮಾತಿನಿಂದಲೇ ಹೋದದ್ದು. 1798ರಲ್ಲಿ ಚಾರ್ಲ್ಸ್ ಗ್ರೆವಿಲ್ ಎಂಬವರು ಏಷ್ಯಾದ ಈ ಕಲ್ಲನ್ನು ಕುರಿತು ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧವನ್ನು ಒಪ್ಪಿಸಿದರು. ಅನ್ನಭೇದಿಯನ್ನು ಚೆನ್ನಾಗಿ ಸುಟ್ಟರೆ ದೊರೆಯುವ ಕೆಂಪು ಹುಡಿಯೂ ಪಟ್ಟಿಗೆ ಒದಗುತ್ತಿತ್ತು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಹಸಿರು ಹುಡಿಯು ಕ್ರೋಮಿಯಮ್ಮಿನ ಆಕ್ಸೈಡು. ಆ ಧಾತುವನ್ನು ಫ್ರಾನ್ಸಿನ ವೋಕ್ಲಾನ್ ಕಂಡುಹಿಡಿದದ್ದು 1797ರಲ್ಲಿ, ಸೈಬೀರಿಯದ ಅದಿರೊಂದರಿಂದ. ಹುಡಿಯಷ್ಟೇ ಅಲ್ಲ, ಉಕ್ಕು ಕೂಡ ದೂರದಿಂದಲೇ ಬರುತ್ತಿತ್ತು. ಅದೇ ಕಾಲದ ಲಂಡನ್ನಿನ ಜೇಮ್ಸ್ ಸ್ಟೋಡಾರ್ಟ್ ಕ್ಷೌರದ ಕತ್ತಿಗಳಿಗೆ ನಮ್ಮ ಕಡೆಯ ವೂಟ್ಸ್ ಉಕ್ಕನ್ನು ಮೆಚ್ಚಿ ಬಳಸಿದರು. ‘ವೂಟ್ಸ್’ ಎಂಬುದು ಕನ್ನಡದ ‘ಉಕ್ಕು’ ಶಬ್ದದಿಂದಲೇ ಬಂದಿರಬೇಕೆಂದು ವಿದ್ವಾಂಸರ ಅಭಿಮತ.

ಹುಡಿಯನ್ನು ಮಾರಿ ಹಣ ಗಳಿಸಿದವರೂ ಇದ್ದರು. 1794ರಿಂದ 1796ರವರೆಗೆ ಲಂಡನ್ನಿನ ಜಾರ್ಜ್ ಪ್ಯಾಕ್‌ವುಡ್ ತನ್ನ ಪಟ್ಟಿ ಮತ್ತು ಲೇಪಗಳಿಗಾಗಿ ಹಾಡು, ಒಗಟು, ಸಂಭಾಷಣೆಗಳ ರೂಪದಲ್ಲಿ ಪತ್ರಿಕೆಗಳಲ್ಲಿ ಜಾಹೀರಾತುಗಳನ್ನು ಪ್ರಕಟಿಸಿದನು. ಅವನ ನಂತರ ಜಾನ್ ಜೋಸೆಫ್ ಮೆಕಿ ಎಂಬಾತನು ‘ಮಾಂತ್ರಿಕ ಪಟ್ಟಿ’ಯನ್ನು ಮಾರಿ ಶ್ರೀಮಂತನಾದನು, 1841ರಲ್ಲಿ ಎಸೆಕ್ಸಿನ ಟಿಪ್‌ಟ್ರೀಯಲ್ಲಿ 130 ಎಕರೆ ಬರಡು ಭೂಮಿಯನ್ನು ಕೊಂಡು, ಬಸಿಗಾಲುವೆಗಳನ್ನು ತೋಡಿಸಿ, ಅದನ್ನು ಮಾದರಿ ಹೊಲವನ್ನಾಗಿ ಮಾಡಿದನು. ಆದರೆ 1853–56ರ ಕ್ರಿಮಿಯಾ ಯುದ್ಧದಿಂದ ಮರಳಿದ ಸೈನಿಕರ ಗಡ್ಡವೇ ಇಂಗ್ಲೆಂಡಿನಲ್ಲಿ ಸೊಗಸೆನಿಸಿಕೊಂಡಿತು. ಗಡ್ಡ ಬಿಟ್ಟವರಿಗೆ ಪಟ್ಟಿಯೇಕೆ? ವ್ಯಾಪಾರ ಕುಸಿಯಿತು. ಮುಂದೆ ಬ್ಯಾಂಕೊಂದು ಮುಳುಗಿತು, ಬೆಳೆಯೂ ಕೈಕೊಟ್ಟಿತು. 1880ರ ಡಿಸೆಂಬರಿನಲ್ಲಿ, ದಿವಾಳಿಯಾದ ಕೆಲವೇ ದಿನಗಳಲ್ಲಿ, ಆತ ತೀರಿಕೊಂಡನು. ಜನರ ಮುಖದ ಮೇಲಿನ ಕೂದಲು ಒಬ್ಬನ ಬಾಳನ್ನೇ ಅಲ್ಲಾಡಿಸಿದ ಪರಿಯಿದು!

ಪಟ್ಟಿಗೆ ನಿಜವಾದ ಕುತ್ತು ಬಂದದ್ದು ಅನಂತರ. 1903ರಲ್ಲಿ ಜಿಲೆಟ್ ಸಂಸ್ಥೆಯು ಮಾರಿದ್ದು ಕೇವಲ 51 ರೇಜರುಗಳು, 168 ಬ್ಲೇಡುಗಳು. ಮರುವರ್ಷವೇ ರೇಜರುಗಳ ಸಂಖ್ಯೆ 90,000ವನ್ನು ದಾಟಿತು. ಮಸೆಯುವ ಬದಲು ಎಸೆಯುವ ಯುಗ ಆರಂಭವಾಯಿತು. ಇಂದು ನಮ್ಮೂರ ಸೆಲೂನುಗಳಲ್ಲಿಯೂ ಕತ್ತಿಗೆ ಹೊಸ ಬ್ಲೇಡನ್ನು ಸಿಕ್ಕಿಸುವುದೇ ರೂಢಿ; ಸೋಂಕಿನ ದೃಷ್ಟಿಯಿಂದ ಅದು ಒಳ್ಳೆಯದೇ. ಹವ್ಯಾಸಿಗಳು ಮಾತ್ರ ಈಗಲೂ ಹಸಿರು ಹುಡಿಯನ್ನೋ ಕೃತಕ ವಜ್ರದ ಹುಡಿಯನ್ನೋ ತರಿಸಿ ತೊಗಲ ಮೇಲೆ ಸವರುತ್ತಾರೆ.

ಬ್ಲೇಡಿನ ಬೆಲೆ ಅಗ್ಗವಾದುದರ ಜೊತೆಗೆ ಒಂದು ಗುಣವೂ ನಮ್ಮಿಂದ ಜಾರಿತೆಂದು ನನಗೆ ತೋರುತ್ತದೆ. ಕದಡಿದ ನೀರು ತಿಳಿಯಾಗುವವರೆಗೆ ಕಾಯುವ ತಾಳ್ಮೆಯದು. ನನ್ನ ವಿದ್ಯಾರ್ಥಿಗಳಲ್ಲಿ ಅದಿನ್ನೂ ಉಳಿದಿರಲೆಂದು ಹಾರೈಸುತ್ತೇನೆ.