ಲಿಟರ್ ಪೆಟ್ಟಿಗೆ

ಲಿಟರ್ ಪೆಟ್ಟಿಗೆ ಎಂಬುದು ಮನೆಯೊಳಗೆ ವಾಸಿಸುವ ಸಾಕುಬೆಕ್ಕುಗಳ ಮಲಮೂತ್ರ ವಿಸರ್ಜನೆಗಾಗಿ ಜೇಡಿಮಣ್ಣಿನ ಹರಳು, ಮರಳು ಅಥವಾ ಮರದ ಹೊಟ್ಟಿನಂತಹ ತೇವ ಹೀರುವ ವಸ್ತುವನ್ನು ತುಂಬಿಡುವ ಅಗಲವಾದ ತಟ್ಟೆ. ಹಿತ್ತಲಿದ್ದ ಮನೆಗಳಲ್ಲಿ ಇದರ ಅಗತ್ಯವೇ ಕಂಡುಬರುತ್ತಿರಲಿಲ್ಲ. ಬೆಂಗಳೂರಿನಂತಹ ನಗರಗಳ ಬಹುಮಹಡಿ ಕಟ್ಟಡಗಳಲ್ಲಿ ಬೆಕ್ಕು ಸಾಕುವವರಿಗೆ ಇದು ಅನಿವಾರ್ಯವಾಗಿದೆ.

ಇತಿಹಾಸ

ಸಾಕುಬೆಕ್ಕು ಆಫ್ರಿಕಾ ಹಾಗೂ ಪಶ್ಚಿಮ ಏಷ್ಯಾದ ಕಾಡುಬೆಕ್ಕಿನ (ಫೆಲಿಸ್ ಲಿಬಿಕಾ) ಸಂತತಿ. ಸಡಿಲವಾದ ಮಣ್ಣನ್ನು ಕೆದರಿ, ವಿಸರ್ಜಿಸಿ, ಮತ್ತೆ ಮುಚ್ಚುವುದು ಅದರ ಹುಟ್ಟುಗುಣ. ಆದುದರಿಂದ ಮರಿಗಳಿಗೆ ಪೆಟ್ಟಿಗೆಯ ಬಳಕೆಯನ್ನು ಕಲಿಸುವುದು ಕಷ್ಟವಲ್ಲ. ಮೊದಲು ಮರಳು, ಬೂದಿಗಳನ್ನು ಬಳಸುತ್ತಿದ್ದರು. 1947ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಎಡ್ ಲೋ ಎಂಬವರು, ಬೆಕ್ಕಿಗಾಗಿ ಮರಳು ಕೇಳಿದ ನೆರೆಯವರಿಗೆ, ನೆಲಕ್ಕೆ ಚೆಲ್ಲಿದ ಎಣ್ಣೆಯನ್ನು ಹೀರಲು ಬಳಸುತ್ತಿದ್ದ ಒಣ ಜೇಡಿಮಣ್ಣಿನ ಹರಳುಗಳನ್ನು ಕೊಟ್ಟರು. ಅದೇ ಮುಂದೆ ದೊಡ್ಡ ಉದ್ಯಮವಾಯಿತು. ತೇವ ತಾಗಿದೊಡನೆ ಗಟ್ಟಿಯಾಗಿ ಉಂಡೆಗಟ್ಟುವ ಬೆಂಟೊನೈಟ್ ಜೇಡಿಯು 1980ರ ದಶಕದಲ್ಲಿ ಬಳಕೆಗೆ ಬಂದಿತು.

ನಿರ್ವಹಣೆ

ಬೆಕ್ಕುಗಳ ಸಂಖ್ಯೆಗಿಂತ ಒಂದು ಪೆಟ್ಟಿಗೆ ಹೆಚ್ಚಿರಬೇಕೆಂಬುದು ಪಶುವೈದ್ಯರ ಸಾಮಾನ್ಯ ಸಲಹೆ. ಪೆಟ್ಟಿಗೆಯ ಉದ್ದ ಬೆಕ್ಕಿನ ದೇಹದ ಉದ್ದದ ಒಂದೂವರೆ ಪಟ್ಟು ಇದ್ದರೆ ಅದಕ್ಕೆ ತಿರುಗಾಡಲು ಅನುಕೂಲ. ಅಂಗಡಿಗಳಲ್ಲಿ ದೊರೆಯುವ ಹಲವು ಪೆಟ್ಟಿಗೆಗಳು ಇದಕ್ಕಿಂತ ಚಿಕ್ಕವು. ಊಟದ ತಟ್ಟೆ ಮತ್ತು ವಾಷಿಂಗ್ ಮಷಿನ್‌ನ ಸದ್ದಿನಿಂದ ದೂರದಲ್ಲಿ ಇದನ್ನು ಇರಿಸಬೇಕು. ಮಲ ಮತ್ತು ಉಂಡೆಗಳನ್ನು ದಿನಕ್ಕೊಮ್ಮೆಯಾದರೂ ತೆಗೆಯಬೇಕು. ಸುಗಂಧ ಬೆರೆಸಿದ ಲಿಟರ್ ಮನುಷ್ಯನ ಮೂಗಿಗೆ ಹಿತವಾದರೂ ಅನೇಕ ಬೆಕ್ಕುಗಳಿಗೆ ಒಗ್ಗುವುದಿಲ್ಲ. ಪೆಟ್ಟಿಗೆಯನ್ನು ಸೌಮ್ಯವಾದ ಸಾಬೂನಿನಿಂದ ತೊಳೆದರೆ ಸಾಕು. ನಮ್ಮ ಮನೆಗಳಲ್ಲಿ ನೆಲ ಒರೆಸಲು ಬಳಸುವ ಫಿನೈಲ್‌ನಂತಹ ದ್ರಾವಣಗಳಲ್ಲಿ ಫೀನಾಲ್ ಅಂಶವಿದ್ದರೆ ಅದು ಬೆಕ್ಕಿಗೆ ವಿಷ.

ಪೆಟ್ಟಿಗೆಯ ಹೊರಗೆ ವಿಸರ್ಜನೆ

ಹಾಸಿಗೆಯ ಮೇಲೋ ಮೂಲೆಯಲ್ಲೋ ಮೂತ್ರ ಮಾಡುವ ಬೆಕ್ಕು ಹಗೆ ಸಾಧಿಸುತ್ತಿದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ತಪ್ಪು. ಕೊಳಕು ಪೆಟ್ಟಿಗೆ, ಹಠಾತ್ತನೆ ಬದಲಿಸಿದ ಲಿಟರ್, ಮನೆಗೆ ಬಂದ ಹೊಸ ಪ್ರಾಣಿ ಇದಕ್ಕೆ ಕಾರಣಗಳಾಗಬಹುದು. ಮೂತ್ರಕೋಶದ ಉರಿಯೂತ, ಮೂತ್ರದ ಕಲ್ಲು, ಮಧುಮೇಹ, ಮೂತ್ರಪಿಂಡದ ರೋಗ ಇವೂ ಕಾರಣಗಳೇ. ಕೀಲುನೋವಿರುವ ಮುದಿ ಬೆಕ್ಕಿಗೆ ಎತ್ತರದ ಅಂಚನ್ನು ದಾಟುವುದೇ ಕಷ್ಟವಾಗಬಹುದು. ಬಾಲವನ್ನು ನೆಟ್ಟಗೆ ನಿಲ್ಲಿಸಿ ಗೋಡೆಗೆ ಮೂತ್ರ ಸಿಂಪಡಿಸುವುದು ಮಾತ್ರ ಬೇರೆಯದೇ ವರ್ತನೆ. ಅದು ವಾಸನೆಯ ಗುರುತು ಹಾಕುವ ಕ್ರಮವಾಗಿದ್ದು, ಸಂತಾನಹರಣ ಚಿಕಿತ್ಸೆಯಿಂದ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಹರಳು ಅಥವಾ ಲೋಳೆಯಿಂದ ಅದು ಕಟ್ಟಿಕೊಂಡಾಗ ಬೆಕ್ಕು ಮತ್ತೆ ಮತ್ತೆ ಪೆಟ್ಟಿಗೆಗೆ ಹೋಗಿ ಮುಕ್ಕುತ್ತದೆ, ಕೂಗುತ್ತದೆ, ಜನನಾಂಗವನ್ನು ನೆಕ್ಕುತ್ತದೆ. ಮೂತ್ರ ಮಾತ್ರ ಬರುವುದಿಲ್ಲ. ಇದನ್ನು ಮಲಬದ್ಧತೆಯೆಂದು ತಿಳಿದು ಕಾಯುವವರುಂಟು. ರಕ್ತದಲ್ಲಿ ಪೊಟ್ಯಾಸಿಯಂ ಏರಿ, ಹೃದಯದ ಬಡಿತ ಕೆಟ್ಟು, ಒಂದೆರಡು ದಿನಗಳಲ್ಲಿಯೇ ಸಾವು ಸಂಭವಿಸಬಹುದು. ಬೆಳಗಾಗಲೆಂದು ಕಾಯದೆ ತಕ್ಷಣವೇ ಪಶುವೈದ್ಯರಲ್ಲಿಗೆ ಒಯ್ಯಬೇಕಾದ ಸ್ಥಿತಿಯಿದು. ದಿನವೂ ಉಂಡೆಗಳನ್ನು ಎಣಿಸುವ ರೂಢಿ ಇಲ್ಲಿ ನೆರವಾಗುತ್ತದೆ.

ಹೊರಗೆ ವಿಸರ್ಜಿಸಿದ ಬೆಕ್ಕನ್ನು ಹೊಡೆಯುವುದು, ಅದರ ಮೂತಿಯನ್ನು ನೆಲಕ್ಕೆ ಉಜ್ಜುವುದು ಕ್ರೂರವೂ ನಿಷ್ಪ್ರಯೋಜಕವೂ ಹೌದು. ಹೆದರಿದ ಬೆಕ್ಕು ಇನ್ನಷ್ಟು ಮರೆಯ ಜಾಗವನ್ನು ಹುಡುಕುತ್ತದೆ. ಕಲೆಯಾದ ಜಾಗವನ್ನು ಕಿಣ್ವಯುಕ್ತ ದ್ರಾವಣದಿಂದ ತೊಳೆಯಬೇಕು. ಅಮೋನಿಯ ಬೆರೆತ ದ್ರಾವಣದ ವಾಸನೆ ಮೂತ್ರವನ್ನೇ ಹೋಲುವುದರಿಂದ ಬೆಕ್ಕು ಮರಳಿ ಅಲ್ಲಿಗೇ ಬರಬಹುದು.

ಮಾನವರ ಆರೋಗ್ಯ

ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಗೊಂಡಿ ಎಂಬ ಪರೋಪಜೀವಿ ಇರಬಹುದು. ಗರ್ಭಿಣಿಯರಿಗೆ ಹೊಸದಾಗಿ ಇದರ ಸೋಂಕು ತಗಲಿದರೆ ಭ್ರೂಣಕ್ಕೆ ಅಪಾಯ. ಮಲದೊಡನೆ ಹೊರಬಿದ್ದ ಇದರ ಕೋಶಗಳು ಸೋಂಕು ಹರಡುವಷ್ಟು ಬಲಿಯಲು 1ರಿಂದ 5 ದಿನಗಳು ಬೇಕು. ದಿನನಿತ್ಯದ ಶುಚಿತ್ವದಿಂದ ಅಪಾಯ ಬಹಳಷ್ಟು ತಗ್ಗುತ್ತದೆ. ಗರ್ಭಿಣಿಯರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಲೇಸು. ಸಾಧ್ಯವಾಗದಿದ್ದರೆ ಕೈಗವಸು ಧರಿಸಿ, ಬಳಿಕ ಸಾಬೂನಿನಿಂದ ಕೈತೊಳೆಯಬೇಕು. ಇದಕ್ಕಾಗಿ ಬೆಕ್ಕನ್ನೇ ಮನೆಯಿಂದ ಹೊರಹಾಕಬೇಕಾಗಿಲ್ಲ. ಅರೆಬೆಂದ ಮಾಂಸ, ತೊಳೆಯದ ತರಕಾರಿಗಳಿಂದಲೂ ಈ ಸೋಂಕು ಬರುತ್ತದೆ.